ಸೆಲೆಸ್ಟಿನ್ ಕಂಡ ಹನೋಯ್

ಸೆಲೆಸ್ಟಿನ್ ಸಲ್ಡಾನನಿಗೆ ಆ ದಿನ ಬಂದ ಗ್ರಹಚಾರಕ್ಕೆಲ್ಲ ಮೂಲ ಒಂದು ಬಟ್ಟಲು ಕ್ಯಾರಮೆಲ್ ಪುಡ್ಡಿಂಗ್. ಸಂಜೆ ಬರುವ ನೆಂಟರಿಗೆಂದು ಹೆಂಡತಿ ವೆನಿಟಾ ಅದನ್ನು ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದಳು. ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಸೆಲೆಸ್ಟಿನ್ ಒಂದು ಚಮಚ ರುಚಿ ನೋಡೋಣ ಎಂದುಕೊಂಡ. ರುಚಿ ಸರಿಯಾಗಿ ಗೊತ್ತಾಗುವಷ್ಟರಲ್ಲಿ ಬಟ್ಟಲಿನ ತಳ ಕಂಡಿತು. ತೊಳೆದಿಟ್ಟು, ಬಾಯಿ ಒರೆಸಿಕೊಂಡು, ಅಲ್ ವಕ್ರಾದ ಮನೆಯಿಂದ ದೋಹಾಕ್ಕೆ ಮೆಟ್ರೋ ಹಿಡಿದ.

ಆಫೀಸಿನಲ್ಲಿ ಕುರ್ಚಿಗೆ ಬೆನ್ನು ತಾಗುವ ಮೊದಲೇ ಫೋನ್ ಬಡಿದುಕೊಂಡಿತು.

“ಪುಡ್ಡಿಂಗ್ ತಿಂದದ್ದು ಯಾರು?” ಕೊಂಕಣಿಯಲ್ಲಿ ಗುಡುಗಿದಳು ವೆನಿಟಾ.

ಅದೇ ಹೊತ್ತಿಗೆ ಪಕ್ಕದ ಮೇಜಿನ ಯಜ್ಞೇಶ್ ಚಹಾದ ಲೋಟ ಹಿಡಿದುಕೊಂಡು ಬಂದು, “ಈ ಸಲ ಈದ್ ರಜೆಗೆ ಎಲ್ಲಿಗೆ ಮಾರಾಯ?” ಎಂದು ಕೇಳಿದ.

“ಹಾಂವ್ ನ್ಹಯ್! ಹಾಂವ್ ನ್ಹಯ್!” ಎಂದು ಸೆಲೆಸ್ಟಿನ್ ಫೋನಿನೊಳಗೆ ಅರಚಿದ.

ಕೊಂಕಣಿಯಲ್ಲಿ ಹಾಗೆಂದರೆ ‘ನಾನಲ್ಲ, ನಾನಲ್ಲ’ ಎಂದರ್ಥ. ಯಜ್ಞೇಶ್ ಸುರತ್ಕಲ್ಲಿನವನು, ಮನೆಮಾತು ತುಳು. ಕೊಂಕಣಿಯಲ್ಲಿ ಅವನಿಗೆ ತಿಳಿಯುತ್ತಿದ್ದುದು ಊಟಕ್ಕೆ ಕರೆಯುವ ಮಾತೊಂದೇ. ಅವನ ಕಿವಿಗೆ ಬಿದ್ದದ್ದು ಊರಿನ ಹೆಸರು.

“ಹನೋಯ್? ವಿಯೆಟ್ನಾಮಿನ ರಾಜಧಾನಿ ಹನೋಯಾ?”

ಫೋನ್ ಇಟ್ಟ ಸೆಲೆಸ್ಟಿನ್ ಪಿಳಿಪಿಳಿ ಕಣ್ಣು ಬಿಟ್ಟ. “ಎಂತದ್ದು?”

“ಅಲ್ಲ, ನೀನು ಹೋಗುವುದಾ?”

ಆಗ ಕನ್ನಡದಲ್ಲಿ ‘ನಾನಲ್ಲಪ್ಪ’ ಎಂದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಗಾಬರಿಯಾದಾಗ ಬಾಯಿಗೆ ಬರುವುದು ತಾಯಿ ಕಲಿಸಿದ ಮಾತು.

“ಹಾಂವ್ ನ್ಹಯ್!”

“ಅದೇ ಮಾರಾಯ, ಹನೋಯ್! ನಾನೂ ಅದನ್ನೇ ಹೇಳಿದ್ದು!” ಯಜ್ಞೇಶ್ ಲೋಟವನ್ನು ಮೇಜಿನ ಮೇಲಿಟ್ಟು ಇಡೀ ಆಫೀಸಿಗೆ ಕೇಳುವಂತೆ ಸಾರಿದ, “ಕೇಳಿದ್ರಾ ಎಲ್ಲರೂ? ದೋಹಾ ಮಂಗಳೂರು, ಮಂಗಳೂರು ದೋಹಾ ಅಂತ ಸರ್ವಿಸ್ ಬಸ್ಸಿನ ಹಾಗೆ ಓಡಾಡಿದ ನಮ್ಮ ಸೆಲೆಸ್ಟಿನ್ ಈ ಸಲ ಹನೋಯಿಗೆ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಮಲಯಾಳಿಗಳು ತಟ್ಟಿದರು, ಫಿಲಿಪಿನೋ ಹುಡುಗಿಯರು ತಟ್ಟಿದರು, ಚಹಾ ಕೊಡುವ ನೇಪಾಳಿಯೂ ತಟ್ಟಿದ. ಸೆಲೆಸ್ಟಿನ್ ‘ಅಲ್ಲ’ ಎನ್ನಲು ಬಾಯಿ ತೆರೆದ, ಆದರೆ ಮುಚ್ಚಿಬಿಟ್ಟ. ಹಡಗಿನಲ್ಲಿ ಬರುವ ತರಕಾರಿ, ಹಣ್ಣು, ಕೋಳಿಗಳನ್ನು ಕಸ್ಟಮ್ಸಿನಿಂದ ಬಿಡಿಸುವ ಆ ಕಂಪನಿಯಲ್ಲಿ ಈರುಳ್ಳಿಯ ಕಾಗದಪತ್ರ ನೋಡುತ್ತಲೇ ಅವನ ತಲೆ ನರೆಯಲು ತೊಡಗಿತ್ತು. ಇಷ್ಟು ವರ್ಷದಲ್ಲಿ ಅವನಿಗಾಗಿ ಚಪ್ಪಾಳೆ ಬಿದ್ದದ್ದು ಇದೇ ಮೊದಲು. ಅದು ಪುಡ್ಡಿಂಗಿಗಿಂತ ಸಿಹಿಯಾಗಿತ್ತು.

“ಅಲ್ಲಿ ನೋಡ್ಲಿಕ್ಕೆ ಎಂತೆಲ್ಲ ಉಂಟು?” ಎಂದ ಯಜ್ಞೇಶ್.

“ತುಂಬಾ ಉಂಟು” ಎಂದ ಸೆಲೆಸ್ಟಿನ್. “ಮಧ್ಯಾಹ್ನ ಹೇಳ್ತೇನೆ.”

ಹೇಳಬೇಕಾದರೆ ತಿಳಿದಿರಬೇಕಲ್ಲ? ಬ್ರೆಜಿಲಿನ ಕೋಳಿಯ ಕಾಗದಗಳನ್ನು ಬದಿಗೆ ಸರಿಸಿ, ಕಂಪ್ಯೂಟರಿನ ಪರದೆಯನ್ನು ಗೋಡೆಯ ಕಡೆಗೆ ಓರೆ ಮಾಡಿ, ಸೆಲೆಸ್ಟಿನ್ ಕಳ್ಳನಂತೆ ಹನೋಯ್ ಹುಡುಕಿದ. ನಾಲ್ಕು ಹೆಸರು ಬಾಯಿಪಾಠ ಮಾಡಿದರೆ ಮಾನ ಉಳಿದೀತು ಎಂಬುದಷ್ಟೇ ಅವನ ಲೆಕ್ಕ.

ಮೊದಲು ಕಂಡದ್ದು ಒಂದು ಕೆರೆ. ಊರಿನ ನಟ್ಟನಡುವೆ, ಪಾಚಿ ಬಣ್ಣದ ನೀರು, ನೀರಿನ ಮಧ್ಯೆ ಪುಟ್ಟದೊಂದು ಹಳೆಯ ಗೋಪುರ. ಶತ್ರುವನ್ನು ಓಡಿಸಿದ ರಾಜನೊಬ್ಬ ದೋಣಿಯಲ್ಲಿ ಹೋಗುತ್ತಿದ್ದಾಗ ಬಂಗಾರದ ಆಮೆಯೊಂದು ಮೇಲೆದ್ದು, ‘ಯುದ್ಧ ಮುಗಿಯಿತಲ್ಲ, ದೇವರ ಖಡ್ಗ ವಾಪಸು ಕೊಡು’ ಎಂದು ಕೇಳಿತಂತೆ. ರಾಜ ಕೊಟ್ಟನಂತೆ. ಕೆಲಸ ಮುಗಿದ ಮೇಲೆ ಆಯುಧ ಹಿಂದಿರುಗಿಸಿದ ರಾಜನ ಸುದ್ದಿಯನ್ನು ಸೆಲೆಸ್ಟಿನ್ ಈವರೆಗೆ ಕೇಳಿರಲಿಲ್ಲ. ಅವನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ.

ಆಮೇಲೆ ಹಳೇ ಪೇಟೆ. ಬೆಳ್ಳಿಯವರಿಗೊಂದು ಬೀದಿ, ರೇಷ್ಮೆಯವರಿಗೊಂದು ಬೀದಿ, ಕಾಗದದ ದೀಪದವರಿಗೊಂದು ಬೀದಿ. ಸಾವಿರ ವರ್ಷದ ಊರು. ಬೀದಿಗಳಿಗೆ ಇಂದಿಗೂ ಅಲ್ಲಿ ಮಾರುತ್ತಿದ್ದ ಸರಕಿನದೇ ಹೆಸರು. ಇನ್ನೊಂದು ಕಡೆ ಎದುರುಬದುರು ಮನೆಗಳ ಜಗಲಿ ಸವರಿಕೊಂಡೇ ರೈಲು ಹೋಗುತ್ತದೆ. ರೈಲು ಬರುವಾಗ ಜನ ಕುರ್ಚಿ ಎತ್ತಿಕೊಳ್ಳುತ್ತಾರೆ, ಹೋದ ಮೇಲೆ ಮತ್ತೆ ಹಾಕಿ ಕಾಫಿ ಕುಡಿಯುತ್ತಾರೆ. ಕಾಫಿಗೆ ಮೊಟ್ಟೆ ಕಲಸುತ್ತಾರೆ! ಕೆರೆಯ ಹತ್ತಿರವೇ ಮಳೆಗೆ ಕಪ್ಪಿಟ್ಟ ಜೋಡಿ ಗೋಪುರದ ಇಗರ್ಜಿ, ಅದೂ ಸಂತ ಜೋಸೆಫರದ್ದು. ಸೆಲೆಸ್ಟಿನ್ ತನಗರಿವಿಲ್ಲದೆ ಶಿಲುಬೆಯ ಗುರುತು ಮಾಡಿಕೊಂಡ.

ಅವನನ್ನು ಪೂರ್ತಿ ಕೆಡವಿದ್ದು ವಿದ್ಯಾದೇಗುಲ. ಹಳೆಯ ಅಂಗಳದಲ್ಲಿ ಸಾಲಾಗಿ ಕಲ್ಲಿನ ಆಮೆಗಳು. ಪ್ರತಿ ಆಮೆಯ ಬೆನ್ನ ಮೇಲೆ ಒಂದು ಶಾಸನ, ಶಾಸನದ ತುಂಬ ಹೆಸರುಗಳು. ಯಾರದು? ರಾಜರದ್ದಲ್ಲ, ಸೇನಾಪತಿಗಳದ್ದಲ್ಲ. ಪರೀಕ್ಷೆ ಪಾಸು ಮಾಡಿ ಸರ್ಕಾರದ ಕಾಗದಪತ್ರ ನೋಡಿಕೊಳ್ಳಲು ಸೇರಿದವರದ್ದು! ಅಂದರೆ ಗುಮಾಸ್ತರದ್ದು! ಲೋಕದಲ್ಲಿ ಇಂಥದ್ದೊಂದು ಊರಿದೆ, ಅದನ್ನು ಕಣ್ಣಾರೆ ಕಾಣದೆ ತಾನು ಸತ್ತರೆ ಹುಟ್ಟಿದ್ದೇ ದಂಡ ಎಂದು ಸೆಲೆಸ್ಟಿನ್‌ಗೆ ಅನ್ನಿಸಿತು. ಬೆಳಿಗ್ಗೆ ಬಾಯಿತಪ್ಪಿ ಹುಟ್ಟಿದ ಸುಳ್ಳು ಈಗ ಎದೆಯೊಳಗೆ ಕೂತು ನಿಜವಾಗಬೇಕೆಂದು ಹಟ ಹಿಡಿಯಿತು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆಯೇ ಅವನು ಎಲ್ಲರಿಗೂ ಹನೋಯ್ ತೋರಿಸಿದ. ಕೈಯಲ್ಲೇ ಕೆರೆ ಬಿಡಿಸಿದ, ಕುರ್ಚಿ ಎತ್ತಿ ರೈಲು ದಾಟಿಸಿದ. ಯಜ್ಞೇಶನ ಮೀನು ಬಾಯಿಯ ಹತ್ತಿರವೇ ತಣ್ಣಗಾಯಿತು.

“ನೀನು ಮೊದಲೇ ಹೋಗಿ ಬಂದಿದ್ದೀಯಾ ಹೇಗೆ?” ಎಂದ ಅವನು.

“ಇಲ್ಲ ಮಾರಾಯ. ಹೋಗ್ಬೇಕು. ಹೋಗಲೇಬೇಕು.”

ಅಷ್ಟರಲ್ಲಿ ಮತ್ತೆ ಫೋನ್. ಯಜ್ಞೇಶ್ ತನ್ನ ಹೆಂಡತಿ ತೃಷಾಳಿಗೆ ಸುದ್ದಿ ಮುಟ್ಟಿಸಿದ್ದ. ತೃಷಾ ಇರುವುದು ಅಲ್ ವಕ್ರಾದಲ್ಲಿ ಸೆಲೆಸ್ಟಿನ್ ಮನೆಯ ಮೇಲಿನ ಮಹಡಿಯಲ್ಲೇ. ಸುದ್ದಿ ಮೆಟ್ಟಿಲಿಳಿದು ಬರಲು ಎಷ್ಟು ಹೊತ್ತು ಬೇಕು?

“ಹನೋಯಿಗೆ ಹೋಗ್ತೀರಂತೆ” ಎಂದಳು ವೆನಿಟಾ. ಅವಳ ದನಿ ಬಹಳ ಮೆತ್ತಗಿತ್ತು. ಮದುವೆಯಾದ ಗಂಡಸರಿಗೆ ಆ ಮೆತ್ತಗಿನ ದನಿಯ ಅರ್ಥ ಗೊತ್ತಿರುತ್ತದೆ. “ನನ್ನ ಹತ್ರ ರಜೆ ಸಿಗುವುದಿಲ್ಲ ಅಂತ ಹೇಳಿ ನೀವು ಹನೋಯಿಗೆ. ಯಾರೊಟ್ಟಿಗೆ?”

“ನಿನ್ನೊಟ್ಟಿಗೇ ವೆನಿ! ಸರ್ಪ್ರೈಸ್ ಕೊಡುವ ಅಂತ...” ಎಂದ ಸೆಲೆಸ್ಟಿನ್, ಒಂದು ಸುಳ್ಳಿನ ಮೇಲೆ ಇನ್ನೊಂದನ್ನು ಪೇರಿಸುತ್ತಾ. ಆಮೇಲೆ ಅವಳಿಗೂ ಕೆರೆ, ಆಮೆ, ರೇಷ್ಮೆ ಬೀದಿ, ಇಗರ್ಜಿ ಎಲ್ಲವನ್ನೂ ವರ್ಣಿಸಿದ.

“ರೇಷ್ಮೆಗೇ ಒಂದು ಇಡೀ ಬೀದಿಯಾ?” ಎಂದಳು ವೆನಿಟಾ ಕೊನೆಗೆ. “ದೇವರೇ! ಪುಡ್ಡಿಂಗ್ ಹೋಗ್ಲಿ ಬಿಡಿ.”

ಇನ್ನುಳಿದದ್ದು ರಜೆ. ಅದು ಇದ್ದದ್ದು ಮ್ಯಾನೇಜರ್ ಒಸ್ವಾಲ್ಡ್ ಲೋಬೋರ ಕೈಯಲ್ಲಿ. ಈದ್ ರಜೆಯಲ್ಲೂ ಬಂದರಿಗೆ ಹಡಗು ಬರುತ್ತದೆ, ಟೊಮೆಟೊ ಕಾಯುವುದಿಲ್ಲ. ಮಾಲು ಬಿಡಿಸಲು ಸಹಿ ಹಾಕುವ ಅಧಿಕಾರ ಇದ್ದದ್ದು ಒಸ್ವಾಲ್ಡರಿಗೆ ಮತ್ತು ಸೆಲೆಸ್ಟಿನ್‌ಗೆ, ಇಬ್ಬರಿಗೇ. ಅವರಲ್ಲೊಬ್ಬರು ದೋಹಾದಲ್ಲಿ ಇರಲೇಬೇಕು. ಒಸ್ವಾಲ್ಡರಂತೂ ರಜೆ ಎಂದರೆ ಕಾಯಿಲೆ ಎಂದುಕೊಂಡ ಮನುಷ್ಯ. ಈದಿಗೂ ಕ್ರಿಸ್ಮಸಿಗೂ ಅವರು ಕ್ಯಾಬಿನ್ ಬಿಟ್ಟು ಕದಲಿದ್ದನ್ನು ಯಾರೂ ಕಂಡಿರಲಿಲ್ಲ. ಅವರು ಇದ್ದೇ ಇರುತ್ತಾರೆ, ತನಗೆ ರಜೆ ಕೊಡಲು ಅಡ್ಡಿಯೇನು ಎಂಬ ಧೈರ್ಯದಲ್ಲಿ ಸೆಲೆಸ್ಟಿನ್ ಬಾಗಿಲು ತಟ್ಟಿದ.

ಒಳಗೆ ಮಾತೆಲ್ಲ ನಡೆದದ್ದು ಕೊಂಕಣಿಯಲ್ಲಿ. ನಾವು ಕನ್ನಡದಲ್ಲೇ ಕೇಳಿಸಿಕೊಳ್ಳೋಣ.

“ಹನೋಯಾ?” ಒಸ್ವಾಲ್ಡ್ ಕನ್ನಡಕದ ಮೇಲಿನಿಂದ ನೋಡಿದರು. “ಅಲ್ಲಿ ಎಂತ ಉಂಟು? ಇಲ್ಲಿಲ್ಲದ್ದು?”

ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದರೆ ರಜೆ, ಇಲ್ಲದಿದ್ದರೆ ಈರುಳ್ಳಿ. ಸೆಲೆಸ್ಟಿನ್ ಕಣ್ಣು ಮುಚ್ಚಿ, ಸಂತ ಜೋಸೆಫರನ್ನು ನೆನೆದು, ಶುರು ಮಾಡಿದ. ಖಡ್ಗ ವಾಪಸು ಕೊಟ್ಟ ರಾಜನಿಂದ ಹಿಡಿದು ಮೊಟ್ಟೆ ಕಾಫಿಯವರೆಗೆ ಒಂದನ್ನೂ ಬಿಡಲಿಲ್ಲ. ಒಸ್ವಾಲ್ಡ್ ಮೊದಲು ಪೆನ್ನು ಕೆಳಗಿಟ್ಟರು. ಆಮೇಲೆ ಮೊಬೈಲನ್ನು ಮಗುಚಿ ಹಾಕಿದರು. ಕಲ್ಲಿನ ಆಮೆಗಳ ಸುದ್ದಿ ಬಂದಾಗ ಎದ್ದೇ ನಿಂತರು.

“ಯಾರ ಹೆಸರು ಅಂದಿ?”

“ಪರೀಕ್ಷೆ ಪಾಸಾಗಿ ಕಾಗದಪತ್ರ ನೋಡ್ಲಿಕ್ಕೆ ಸೇರಿದವರದ್ದು ಸರ್. ನಮ್ಮಂಥವರದ್ದು. ಐನೂರು ವರ್ಷ ಆಯ್ತು, ಇವತ್ತಿಗೂ ಓದಬಹುದು. ಮಕ್ಕಳು ಪರೀಕ್ಷೆಗೆ ಮೊದಲು ಅಲ್ಲಿಗೆ ಬಂದು ಕೈ ಮುಗೀತಾರೆ ಸರ್.”

ಒಸ್ವಾಲ್ಡ್ ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. ಹೊರಗೆ ಬಿಸಿಲಿಗೆ ಇಡೀ ಬೀದಿ ಕರಗುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿದ್ದು ಗಾಜನ್ನೋ ಕಣ್ಣನ್ನೋ ಸೆಲೆಸ್ಟಿನ್‌ಗೆ ಕಾಣಿಸಲಿಲ್ಲ. ತನ್ನ ಮಾತಿಗೆ ಇಷ್ಟು ಶಕ್ತಿಯಿದೆಯೇ ಎಂದು ಅವನಿಗೇ ಬೆರಗಾಯಿತು.

“ಸೆಲೆಸ್ಟಿನ್, ನನ್ನ ಕಣ್ಣು ತೆರೆಸಿದಿ ನೀನು” ಎಂದರು ಒಸ್ವಾಲ್ಡ್.

“ಹಾಗಾದ್ರೆ ರಜೆ ಸರ್?”

“ರಜೆ ಹಾಕಿಯೇ ಹಾಕ್ತೇನೆ! ಇಷ್ಟು ವರ್ಷ ಈ ಡಬ್ಬಿಯೊಳಗೆ ಕೂತು ಎಂತ ಮಾಡಿದೆ ನಾನು? ಜಾಸಿಂತಾ ಪಾಪ, ಎಲ್ಲಿಗಾದ್ರೂ ಹೋಗುವ ಹೋಗುವ ಅಂತ ಹೇಳಿ ಹೇಳಿ ಸುಮ್ಮನಾದಳು.” ಅವರು ಆಗಲೇ ಹೆಂಡತಿಗೆ ಫೋನ್ ಹಚ್ಚಿದ್ದರು. “ಜಾಸಿಂತಾ? ಹನೋಯ್! ಹೌದು, ಈದಿಗೇ! ಯಲ್ಲಾ, ಬೇಗ ಬೇಗ ಬ್ಯಾಗು ತೆಗಿ!”

“ಸರ್... ನನ್ನ ರಜೆ?”

ಒಸ್ವಾಲ್ಡ್ ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. ಅಷ್ಟು ವರ್ಷದಲ್ಲಿ ಅವರು ಹಾಗೆ ಕೈ ಇಟ್ಟದ್ದು ಅದೇ ಮೊದಲು. “ಇಬ್ಬರಲ್ಲಿ ಒಬ್ಬ ಇರಬೇಕಲ್ಲ ಸೆಲೆಸ್ಟಿನ್? ಇಷ್ಟು ಈದಿಗೆ ನಾನಿದ್ದೆ. ಈ ಸಲ ನೀನಿರು. ಖಲಾಸ್. ನಿನ್ನ ಉಪಕಾರ ನಾನು ಮರೆಯುವುದಿಲ್ಲ.”

ಸಂಜೆ ಮೆಟ್ರೋದಲ್ಲಿ ಸೆಲೆಸ್ಟಿನ್ ಬಾಗಿಲಿಗೆ ಒರಗಿ ನಿಂತಿದ್ದ. ಮುಖ ನೋಡಿದವರು ಯಾರೋ ತೀರಿಹೋಗಿದ್ದಾರೆ ಎಂದುಕೊಳ್ಳಬೇಕು. ನಿಜಕ್ಕೂ ಅವನಿಗೆ ಅಷ್ಟೇ ದುಃಖವಾಗಿತ್ತು. ಕಾಣದ ಊರನ್ನು ಕಳೆದುಕೊಂಡರೂ ಇಷ್ಟು ಸಂಕಟವಾಗುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಇದಕ್ಕಿಂತ ಕಷ್ಟದ್ದು ಮುಂದಿತ್ತು. ವೆನಿಟಾಳಿಗೆ ಹೇಳುವುದು ಹೇಗೆ? ಪಾಪ, ರೇಷ್ಮೆ ಬೀದಿಯ ಕನಸು ಕಾಣುತ್ತಾ ಕೂತಿರುತ್ತಾಳೆ.

ಬಾಗಿಲು ತೆರೆದರೆ ಹಾಲಿನ ತುಂಬ ಬಟ್ಟೆ. ಸೋಫಾದ ಮೇಲೆ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು. ತೃಷಾ ಮಡಚಿ ಕೊಡುತ್ತಿದ್ದಳು, ವೆನಿಟಾ ತುಂಬುತ್ತಿದ್ದಳು. ಬರಬೇಕಿದ್ದ ನೆಂಟರಿಗೆ ‘ಇನ್ನೊಂದು ದಿನ ಬನ್ನಿ’ ಎಂದು ಆಗಲೇ ಫೋನ್ ಹೋಗಿತ್ತು.

“ವೆನಿ, ಒಂದು ಬೇಜಾರಿನ ವಿಷಯ” ಎಂದು ಸೆಲೆಸ್ಟಿನ್ ಸೋಫಾದ ತುದಿಯಲ್ಲಿ ಕುಕ್ಕರಿಸಿದ. “ರಜೆ ಸಿಗ್ಲಿಲ್ಲ.”

“ಗೊತ್ತುಂಟು ಗೊತ್ತುಂಟು” ಎಂದಳು ವೆನಿಟಾ, ತಲೆ ಎತ್ತದೆ. “ಜಾಸಿಂತಾಬಾಯಿ ಫೋನ್ ಮಾಡಿದ್ರು. ಒಸ್ವಾಲ್ಡ್ ಸರ್ ಆಮೆಗಳ ಮುಂದೆಯೇ ದಿನ ಕಳೀತಾರಂತೆ, ಜಾಸಿಂತಾಬಾಯಿಗೆ ಪೇಟೆ ತಿರುಗ್ಲಿಕ್ಕೆ ಜೊತೆ ಬೇಕಂತೆ. ಅಲ್ಲಿಯ ವಿಷಯವೆಲ್ಲ ಗೊತ್ತಿದ್ದವಳು ನಾನೊಬ್ಬಳೇ ಅಲ್ವಾ? ನೀನೂ ಬಾ ಅಂದ್ರು. ತೃಷಾ ನಾನೂ ಬರ್ತೇನೆ ಅಂದಳು. ಒಟ್ಟಿಗೇ ಟಿಕೆಟ್ ಆಯ್ತು.”

ಸೆಲೆಸ್ಟಿನ್ ಸೂಟ್‌ಕೇಸಿನೊಳಗೆ ಇಣುಕಿ ನೋಡಿದ, ಗಂಡಸಿನ ಬಟ್ಟೆ ಒಂದೂ ಇರಲಿಲ್ಲ.

“ಮುಖ ಯಾಕೆ ಹಾಗೆ ಮಾಡ್ತೀರಿ?” ಎಂದು ವೆನಿಟಾ ಅವನ ಕೆನ್ನೆ ತಟ್ಟಿದಳು. “ನೀವು ಹೇಗೂ ಎಲ್ಲ ನೋಡಿಯೇ ಆಯ್ತಲ್ಲ. ನೋಡದವರು ನಾವು. ಅದಿರ್ಲಿ, ಕೆರೆಯಿಂದ ಇಗರ್ಜಿಗೆ ಹೇಗೆ ಹೋಗುವುದು?”

ಸಿಟ್ಟು ಬರಬೇಕಿತ್ತು. ಬರುತ್ತಲೂ ಇತ್ತು. ಆದರೆ ಕೆರೆ ಎಂಬ ಮಾತು ಕಿವಿಗೆ ಬಿದ್ದದ್ದೇ ಆ ಪಾಚಿ ಬಣ್ಣದ ನೀರು ಸೆಲೆಸ್ಟಿನ್ ಕಣ್ಣಿನ ಮುಂದೆ ಹರಡಿಕೊಂಡಿತು, ಮಂಜಿನಲ್ಲಿ ಗೋಪುರ ಎದ್ದು ನಿಂತಿತು.

“ಪಡುವಣ ದಡದಲ್ಲಿ ಕೆರೆಗೆ ಬೆನ್ನು ಹಾಕಿ ನಿಲ್ಲು” ಎಂದ ಅವನು ಮೆಲ್ಲಗೆ, ಕಣ್ಣು ಮುಚ್ಚಿಕೊಂಡು. “ಎದುರಿಗೆ ಸಣ್ಣ ಬೀದಿ ಉಂಟು, ಮೇಲೆಲ್ಲ ಮರದ ನೆರಳು. ಸುಮ್ಮನೆ ನಡೀತಾ ಹೋಗು. ಗಡಿಬಿಡಿ ಮಾಡ್ಬೇಡ. ಒಮ್ಮೆಲೇ ಎದುರಿಗೆ ಎರಡು ಗೋಪುರ ಕಾಣ್ತದೆ ವೆನಿ, ಆಕಾಶದಷ್ಟು ಎತ್ತರ...”

ತೃಷಾಳ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ವೆನಿಟಾ ಬೆರಗಾಗಿ ಗಂಡನನ್ನೇ ನೋಡಿದಳು.

“ನೋಡಿದಿಯಾ ತೃಷಾ?” ಎಂದು ಅವಳು ಸೂಟ್‌ಕೇಸಿನ ಜಿಪ್ಪು ಎಳೆದಳು. “ದಾರಿ ತಪ್ಪಿದಾಗ ಫೋನ್ ಮಾಡಿ ಕೇಳ್ಲಿಕ್ಕೆ ಇವರು ಇಲ್ಲೇ ಇರುವುದು ಒಳ್ಳೇದು.”