ಮಣ್ಣಿನ ಹಕ್ಕಿಗೆ ‘ಪುಲ್’ ಅನ್ನಬೇಕಂತೆ

ಮಾತು ಕಡಿಮೆ ಇರುವವನು ತೊಂದರೆಗೆ ಸಿಕ್ಕುವುದಿಲ್ಲ ಎಂದು ಜನ ತಿಳಿದಿದ್ದಾರೆ. ತಪ್ಪು. ನನಗೆ ಇಂಥವು ಆಗುತ್ತಲೇ ಇರುತ್ತವೆ. ಕೊರೊನಾ ಕಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಸಿಕ್ಕಿಕೊಂಡು, ಎಪ್ಪತ್ತು ದಾಟಿದ ಮೇಲೆ ಬಂದೂಕು ಹಿಡಿಯಲು ಕಲಿತಾಗ ಆದ ಕೆಲವನ್ನು ಬರೆಯುತ್ತಿದ್ದೇನೆ. ಹೇಳುವುದಕ್ಕಿಂತ ಬರೆಯುವುದು ನನಗೆ ವಾಸಿ.

೧. ಅಡುಗೆಮನೆಯ ಸ್ಟೂಲು

ನಾನೂ ನನ್ನ ಹೆಂಡತಿಯೂ ಮೂರು ತಿಂಗಳಿಗೆಂದು ವೆಲ್ಡ್‌ಹೋವನ್‌ನ ಮಗಳ ಮನೆಗೆ ಹೋದವರು. ವಿಮಾನಗಳು ನಿಂತವು. ಅಲ್ಲೇ ಉಳಿದೆವು.

ಮಗಳು ಕಂಪ್ಯೂಟರ್ ಚಿಪ್ ಮಾಡುವ ಯಂತ್ರಗಳ ಕಾರ್ಖಾನೆಯಲ್ಲಿ ಎಂಜಿನಿಯರು. ಅವಳಿಗೆ ಮಹಡಿಯ ಕೋಣೆಯಲ್ಲಿ ಮೀಟಿಂಗು. ಅಳಿಯನಿಗೆ ಹಾಲ್‌ನಲ್ಲಿ ಮೀಟಿಂಗು. ಮೊಮ್ಮಗಳಿಗೆ ಇನ್ನೊಂದು ಕೋಣೆಯಲ್ಲಿ ಕಾಲೇಜು. ಮಿಕ್ಸಿ ಹಾಕುವಂತಿಲ್ಲ. ಟಿ.ವಿ. ಹಾಕುವಂತಿಲ್ಲ. ಕೆಮ್ಮಿದರೆ ಮೂರೂ ಬಾಗಿಲು ತೆರೆಯುತ್ತಿದ್ದವು. ನನಗೆ ಉಳಿದದ್ದು ಅಡುಗೆಮನೆಯ ಸ್ಟೂಲು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ.

ಒಂದು ದಿನ ಕನ್ನಡಕ ಹುಡುಕಿಕೊಂಡು ಪಂಚೆ ಬನಿಯನ್ನಿನಲ್ಲಿ ಹಾಲ್‌ಗೆ ಹೋದೆ. ಅಳಿಯ ಕಂಪ್ಯೂಟರಿನ ಮುಂದೆ ಮಾತಾಡುತ್ತಿದ್ದ. ಅವನ ಬೆನ್ನ ಹಿಂದೆ ಹಾದು ಕನ್ನಡಕ ತೆಗೆದುಕೊಂಡು ಬಂದೆ. ಅರ್ಧ ಗಂಟೆಯ ಮೇಲೆ ಅವನು ಅಡುಗೆಮನೆಗೆ ಬಂದ.

“ಮಾವ, ಕ್ಯಾಮೆರಾ ಆನ್ ಇತ್ತು. ಆಫೀಸಿನವರೆಲ್ಲ ನಿಮ್ಮನ್ನ ನೋಡಿದ್ರು.”

“ಏನಂದ್ರು?”

“ಯೋಗ ಕ್ಲಾಸ್ ಎಷ್ಟು ಗಂಟೆಗೆ ಅಂತ ಕೇಳಿದ್ರು.”

೨. ಹಿಂದಿನ ಸೀಟು

ಆ ಸ್ಟೂಲಿನಿಂದ ನನ್ನನ್ನು ಎಬ್ಬಿಸಿದವನು ಪಕ್ಕದ ಮನೆಯವನು. ಡಚ್ಚಿನವನು, ನನ್ನದೇ ವಯಸ್ಸು, ಲಾರಿ ಓಡಿಸಿ ನಿವೃತ್ತನಾದವನು. ಹಿತ್ತಿಲಲ್ಲಿ ನಾನು ಸುಮ್ಮನೆ ನಿಂತಿರುವುದನ್ನು ಆರು ತಿಂಗಳು ನೋಡಿ, ಒಂದು ದಿನ ಬೇಲಿಯ ಆಚೆಯಿಂದ ಇಂಗ್ಲಿಷಿನಲ್ಲಿ, “ಬುಧವಾರ ನನ್ನ ಜೊತೆ ಬನ್ನಿ, ಕ್ಲಬ್ಬಿಗೆ” ಎಂದ. ಬಂದೂಕಿನ ಕ್ಲಬ್ಬು. ಬಯಲಲ್ಲಿ ಆಡುವ ಆಟವಾದ್ದರಿಂದ ಅದನ್ನು ಮುಚ್ಚಿರಲಿಲ್ಲ. ನಾನು ತಲೆಯಾಡಿಸಿದೆ.

ಬೇರೆ ಬೇರೆ ಮನೆಯವರು ಒಂದೇ ಕಾರಿನಲ್ಲಿ ಹೋದರೆ ದೂರ ಕೂರಬೇಕು. ಅವನು ಮುಂದೆ ಕೂತು ಓಡಿಸಿದ. ನಾನು ಹಿಂದೆ, ಎದುರು ಮೂಲೆಯಲ್ಲಿ ಮಾಸ್ಕ್ ಹಾಕಿಕೊಂಡು ಕೂತೆ. ಮಗಳು ಕಿಟಕಿಯಿಂದ ಫೋಟೋ ತೆಗೆದು ಮನೆಯವರ ಗುಂಪಿಗೆ ಕಳಿಸಿದಳು. ಸಂಜೆ ಊರಿನಿಂದ ತಂಗಿಯ ಫೋನು.

“ಅಣ್ಣ, ಬಿಳಿ ಡ್ರೈವರ್ ಇಟ್ಕೊಂಡಿದೀಯಂತೆ.”

ವಿವರಿಸಲು ಹೋದರೆ ಉದ್ದವಾಗುತ್ತದೆ. “ಕೊರೊನಾ” ಎಂದೆ.

“ಅಯ್ಯೋ ಪಾಪ,” ಎಂದಳು. “ಅವನಿಗೆ ಮುಂಚೆ ಏನು ಕೆಲಸ ಇತ್ತು?”

೩. ಹೂಂ

ಕ್ಲಬ್ಬು ಟಿಲ್‌ಬರ್ಗ್‌ನ ದಾರಿಯಲ್ಲಿ, ಪೈನ್ ಮರಗಳ ನಡುವಿನ ಬಯಲಿನಲ್ಲಿ. ಅಲ್ಲಿ ಹೊಡೆಯುವುದು ಹಕ್ಕಿಯನ್ನಲ್ಲ. ಕಾಫಿ ಸಾಸರಿನಷ್ಟು ಅಗಲದ ಕಿತ್ತಲೆ ಬಣ್ಣದ ಬಿಲ್ಲೆ. ಒಂದು ಯಂತ್ರ ಅದನ್ನು ಆಕಾಶಕ್ಕೆ ಎಸೆಯುತ್ತದೆ. ಅದು ಬೀಳುವುದರೊಳಗೆ ಹೊಡೆಯಬೇಕು. ಅದಕ್ಕೆ ಅವರು ಮಣ್ಣಿನ ಪಾರಿವಾಳ ಎನ್ನುತ್ತಾರೆ.

ಕಲಿಸುವವನು ಉದ್ದನೆಯ ಮನುಷ್ಯ. ಆರು ಬುಧವಾರ ಪಾಠ, ಆರನೆಯದರಲ್ಲಿ ಪರೀಕ್ಷೆ ಎಂದ. ಇಪ್ಪತ್ತೈದರಲ್ಲಿ ಐದು ಒಡೆಯಬೇಕು. ಸುರಕ್ಷತೆಯ ಪ್ರಶ್ನೆಗಳಿಗೆ ಬಾಯಿಬಿಟ್ಟು ಉತ್ತರ ಹೇಳಬೇಕು. ಪಾಸಾದವರಿಗೆ ಪ್ರತಿ ಬುಧವಾರ ಹಿರಿಯರ ತಂಡದಲ್ಲಿ ಜಾಗ. ಉಳಿದವರು ಬರುವ ವರ್ಷದವರೆಗೆ ಕಾಯಬೇಕು, ಏಕೆಂದರೆ ಮನೆಯಲ್ಲಿ ಕೂತು ಬೇಸತ್ತವರೆಲ್ಲ ಬಂದೂಕು ಕಲಿಯಲು ಹೆಸರು ಕೊಟ್ಟಿದ್ದಾರೆ. ನನಗೆ ಸ್ಟೂಲು ಕಣ್ಣ ಮುಂದೆ ಬಂತು. ಪಾಸಾಗಲೇಬೇಕು ಎಂದುಕೊಂಡೆ.

“ಸಿದ್ಧವಾದಾಗ ‘ಪುಲ್’ ಅಂತ ಕೂಗಿ. ನಾನು ಗುಂಡಿ ಒತ್ತುತ್ತೇನೆ, ಬಿಲ್ಲೆ ಹಾರುತ್ತದೆ,” ಎಂದ.

ಬಂದೂಕನ್ನು ಭುಜಕ್ಕೆ ಇಟ್ಟೆ. ನಿಂತೆ. ಅವನೂ ನಿಂತ. ಸ್ವಲ್ಪ ಹೊತ್ತಾಯಿತು.

“ಏನು ಕಾಯುತ್ತಿದ್ದೀರಿ?” ಎಂದ.

“ಬಿಲ್ಲೆ.”

“ನೀವು ಕೂಗಲಿಲ್ಲ.”

“ನೀವು ನೋಡ್ತಾ ಇದೀರಲ್ಲ.”

ನೋಡಿದರೆ ಸಾಲದಂತೆ, ಕೂಗಬೇಕಂತೆ. ಸರಿ ಎಂದು ಮತ್ತೆ ಬಂದೂಕು ಎತ್ತಿ, “ಹೂಂ” ಎಂದೆ.

“ಹ್ಞಂ?” ಎಂದ ಅವನು, ಏನೋ ಕೇಳಿದೆ ಎಂದುಕೊಂಡು.

“ಹೂಂ.”

“ಹ್ಞಂ?”

ಹೀಗೆ ನಾಲ್ಕು ಸಲ ಆಯಿತು. ಹಿಂದೆ ಬೆಂಚಿನ ಮೇಲೆ ಕೂತಿದ್ದ ಪಕ್ಕದ ಮನೆಯವನು ಟೋಪಿ ತೆಗೆದು ಕಣ್ಣು ಒರೆಸಿಕೊಂಡ.

“ಮುಂದುವರಿಸಿ,” ಎಂದ. “ನಮ್ಮಪ್ಪನ ದನದ ಕೊಟ್ಟಿಗೆ ನೆನಪಾಯಿತು.”

೪. ಒಂದು ಕಣ್ಣು

ನಾನು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಶಾಫ್ಟು ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿಯೇ ಮೂವತ್ತೈದು ವರ್ಷ ಸಂಬಳ ತೆಗೆದುಕೊಂಡೆ. ಇಲ್ಲಿ ಎರಡೂ ಕಣ್ಣು ತೆರೆದಿರಬೇಕು ಎಂದ ಕಲಿಸುವವನು. ಬಂದೂಕು ಕೆನ್ನೆಗೆ ತಾಗಿದೊಡನೆ ನನ್ನ ಎಡಗಣ್ಣು ತಾನಾಗಿ ಮುಚ್ಚುತ್ತಿತ್ತು.

“ತೆರೆಯಿರಿ,” ಎನ್ನುತ್ತಿದ್ದ. ತೆರೆಯುತ್ತಿದ್ದೆ. ಆಗ ಬಲಗಣ್ಣು ಮುಚ್ಚುತ್ತಿತ್ತು.

ಅದು ಒಂದು ವಾರದಲ್ಲಿ ಸರಿಹೋಯಿತು. ಬಿಲ್ಲೆ ಮಾತ್ರ ಒಡೆಯಲಿಲ್ಲ.

“ಅದು ಇದ್ದ ಕಡೆ ಹೊಡೆಯುತ್ತಿದ್ದೀರಿ,” ಎಂದ. “ಗುಂಡು ಹೋಗುವುದರೊಳಗೆ ಅದು ಮುಂದೆ ಹೋಗಿರುತ್ತದೆ. ಮುಂದೆ ಹೊಡೆಯಿರಿ.”

ಮುಂದೆ ಹೊಡೆದೆ.

“ಇನ್ನೂ ಮುಂದೆ.”

ಇನ್ನೂ ಮುಂದೆ ಹೊಡೆದೆ. ಬಿಲ್ಲೆ ಒಡೆದು ಪುಡಿಯಾಯಿತು. ನನ್ನದಲ್ಲ. ಹೊಡೆಯುವವರು ನಿಲ್ಲುವ ಪಕ್ಕದ ಕಟ್ಟೆಯಲ್ಲಿ ನನ್ನ ಹಾಗೆಯೇ ಹೊಸದಾಗಿ ಕಲಿಯುತ್ತಿದ್ದ ಒಬ್ಬ ಹಲ್ಲಿನ ಡಾಕ್ಟರು ‘ಪುಲ್’ ಎಂದಿದ್ದ. ಅವನ ಬಿಲ್ಲೆ ಅಡ್ಡ ಬಂದಿತ್ತು. ಅವನು ಇನ್ನೂ ಟ್ರಿಗರ್ ಒತ್ತಿರಲಿಲ್ಲ. ಒಂದು ಸಲ ಆಕಾಶ ನೋಡಿದ, ಒಂದು ಸಲ ತನ್ನ ಬಂದೂಕು ನೋಡಿಕೊಂಡ. ಆಮೇಲೆ ಅದನ್ನು ಬಹಳ ಜೋಪಾನವಾಗಿ ಕೆಳಗಿಟ್ಟ.

೫. ಸದ್ಯ

ಮಗಳು ನನ್ನ ತಂಗಿಗೆ ಫೋನಿನಲ್ಲಿ, “ಅಪ್ಪ ಪಾರಿವಾಳ ಹೊಡೆಯೋಕೆ ಹೋಗ್ತಾರೆ” ಎಂದಿದ್ದಳು. ಮಣ್ಣಿನದು ಎಂದು ಹೇಳುವುದರೊಳಗೆ ಅವಳಿಗೆ ಮೀಟಿಂಗು ಬಂತು. ತಂಗಿ ನನಗೆ ಫೋನು ಮಾಡಿದಳು.

“ಅಣ್ಣ, ಈ ವಯಸ್ಸಲ್ಲಿ ನಿನಗೆ ಯಾಕೆ ಬೇಕಿತ್ತು ಈ ಪಾಪ?”

“ಒಂದೂ ಬಿದ್ದಿಲ್ಲ,” ಎಂದೆ.

“ಸದ್ಯ,” ಎಂದಳು.

ಆಮೇಲೆ ಪ್ರತಿ ಬುಧವಾರ ಸಂಜೆ ಫೋನು. “ಇವತ್ತು?” “ಇಲ್ಲ.” “ಸದ್ಯ.” ಅಷ್ಟೇ ಮಾತು. ನನಗೆ ಅದು ಹಿಡಿಸಿತು. ನಾಲ್ಕನೆಯ ವಾರ ಎರಡು ಒಡೆದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಎರಡು” ಎಂದೆ. ಹೆಂಡತಿ ಫೋನು ಕಿತ್ತುಕೊಂಡು, “ಅದು ಮಣ್ಣಿಂದು ಕಣೇ, ತಟ್ಟೆ, ತಟ್ಟೆ” ಎಂದು ಬಿಡಿಸಿ ಹೇಳಿದಳು.

ತಂಗಿ ಎಲ್ಲ ಕೇಳಿಸಿಕೊಂಡು ಕೊನೆಗೆ ಕೇಳಿದಳಂತೆ: “ಅತ್ತಿಗೆ, ಮನೇಲಿರೋ ತಟ್ಟೆಗಳನ್ನ ಒಳಗೆ ಇಟ್ಟಿದೀರಾ?”

೬. ಬಾಗಿಲ ಹಿಡಿ

ಪಕ್ಕದ ಮನೆಯವನು ನಿಜವಾದ ಬೇಟೆಗೂ ಹೋಗುತ್ತಿದ್ದ. ಅದಕ್ಕೆ ಅವನಲ್ಲಿ ಲೈಸೆನ್ಸು ಇತ್ತು. ಒಂದು ಶನಿವಾರ ಬೆಳಿಗ್ಗೆ ನನ್ನ ಹೆಂಡತಿ ಬಾಗಿಲು ತೆರೆದವಳು ಹಾಗೆಯೇ ಒಳಗೆ ಬಂದು ಕೂತಳು.

“ರೀ, ಬಾಗಿಲ ಹಿಡೀಲಿ ಒಂದು ಚೀಲ ನೇತಾಡ್ತಿದೆ.”

“ಏನಿದೆ?”

“ಗೊತ್ತಿಲ್ಲ. ಅದಕ್ಕೆ ಕಾಲಿದೆ.”

ಹೋಗಿ ನೋಡಿದೆ. ಬಾತುಕೋಳಿ. ಮುಟ್ಟದೆ ಕೊಡಬೇಕಾದ ಕಾಲವಾದ್ದರಿಂದ ಬಾಗಿಲಿಗೆ ಸಿಕ್ಕಿಸಿ ಹೋಗಿದ್ದ. ನಾವು ಮೊಟ್ಟೆಯನ್ನೂ ತಿನ್ನುವವರಲ್ಲ.

“ಹೋಗಿ ಹೇಳಿ ಬನ್ನಿ, ನಾವು ತಿನ್ನಲ್ಲ ಅಂತ. ಬೇಜಾರಾಗದ ಹಾಗೆ ಹೇಳಿ.”

ಬೇಜಾರಾಗದ ಹಾಗೆ ಹೇಳಲು ನಾಲ್ಕು ವಾಕ್ಯ ಬೇಕು. ದಾರಿಯಲ್ಲಿ ಜೋಡಿಸಿಕೊಂಡೆ. ಅವನು ಬಾಗಿಲು ತೆರೆದು ಬಾಯಿ ತುಂಬ ನಕ್ಕ. ನಾನು ನನಗೆ ಬರುತ್ತಿದ್ದ ಒಂದೇ ಡಚ್ ಮಾತು, “ಡಾಂಕ್ ಯು” ಎಂದೆ. ಧನ್ಯವಾದ ಎಂದು ಅರ್ಥ. ವಾಪಸು ಬಂದೆ.

“ಹೇಳಿದ್ರಾ?”

“ಹೇಳಿದೆ.”

ಮುಂದಿನ ಶನಿವಾರ ಎರಡು ಬಾತುಕೋಳಿ. ಮತ್ತೆ ಹೋಗಿ ಹೇಳಿ ಬಂದೆ. ಅದರ ಮುಂದಿನ ಶನಿವಾರ ಮೊಲ. ಪ್ರತಿ ಸಲವೂ ಮಗಳು ಟಿಲ್‌ಬರ್ಗ್‌ನಲ್ಲಿದ್ದ ಕೊಡಗಿನ ದಂಪತಿಗೆ ಫೋನು ಮಾಡುತ್ತಿದ್ದಳು. ಅವಳ ಆಫೀಸಿನವರು. ಅವರು ಅರ್ಧ ಗಂಟೆಯಲ್ಲಿ ಬಂದು ಒಯ್ಯುತ್ತಿದ್ದರು. ಮೂರನೆಯ ಸಲ ಪಾತ್ರೆ ಹಿಡಿದುಕೊಂಡೇ ಬಂದರು.

ಕೊನೆಗೆ ಹೆಂಡತಿ ತಾನೇ ಬೇಲಿಯ ಹತ್ತಿರ ಹೋಗಿ, ತನಗೆ ಬಂದ ಇಂಗ್ಲಿಷಿನಲ್ಲಿ ವಿಷಯ ಹೇಳಿದಳು. ಅವನ ಮುಖ ಕೆಂಪಾಯಿತು.

“ಆದರೆ ನಿಮ್ಮ ಯಜಮಾನರು ಮೂರು ಸಲ ಮನೆಗೆ ಬಂದು ಧನ್ಯವಾದ ಹೇಳಿದರಲ್ಲ,” ಎಂದ.

ಅವಳು ನನ್ನ ಕಡೆ ತಿರುಗಿದಳು. “ಮೂರು ಸಲ?” ಎಂದಳು. “ಮದುವೆ ಆಗಿ ನಲವತ್ತೆಂಟು ವರ್ಷ ದಿನಾ ಮೂರು ಹೊತ್ತು ನಾನು ಊಟ ಹಾಕ್ತಿದೀನಿ.”

೭. ಪರೀಕ್ಷೆ

ಆರನೆಯ ಬುಧವಾರ ಬಂತು. ಮೊದಲು ಬಾಯಿ ಪರೀಕ್ಷೆ. ಕಲಿಸುವವನು ಹಲಗೆಗೆ ಕಾಗದ ಸಿಕ್ಕಿಸಿಕೊಂಡು ನಿಂತ.

“ನಡೆಯುವಾಗ ಬಂದೂಕು ಹೇಗಿರಬೇಕು?”

“ಮಡಚಿ.” ಆ ಬಂದೂಕು ನಡುವಿನಲ್ಲಿ ಮಡಚುತ್ತದೆ, ಆಗ ಹಾರುವುದಿಲ್ಲ.

“ಗುಂಡು?”

“ಇಲ್ಲದೆ.”

“ಸಾಲಿನ ಮುಂದೆ ಮನುಷ್ಯರು ಕಂಡರೆ?”

“ನಿಲ್ಲಿಸಬೇಕು.”

“ಎಲ್ಲರಿಗೂ ಕೇಳುವ ಹಾಗೆ ಕೂಗಿ ನಿಲ್ಲಿಸಬೇಕು. ಕೂಗಿ ತೋರಿಸಿ.”

ಬಯಲು ನೋಡಿದೆ. “ಯಾರೂ ಇಲ್ಲವಲ್ಲ,” ಎಂದೆ.

ಅವನು ಏನೋ ಬರೆದುಕೊಂಡ. ಒಳ್ಳೆಯದನ್ನು ಬರೆದ ಹಾಗೆ ಕಾಣಲಿಲ್ಲ.

ಆಮೇಲೆ ಇಪ್ಪತ್ತೈದು ಬಿಲ್ಲೆ. ನಾಲ್ಕು ಒಡೆದೆ. ಇಪ್ಪತ್ತೈದನೆಯದಕ್ಕೆ ಬಹಳ ಎಚ್ಚರಿಕೆಯಿಂದ ಹೊಡೆದೆ. ಅದು ಹೋಗಿ ಹುಲ್ಲಿನಲ್ಲಿ ಇಡಿಯಾಗಿ ಕೂತಿತು. ಬಂದೂಕು ಮಡಚಿ ಕೊಟ್ಟು ಬೆಂಚಿಗೆ ಬಂದೆ. ಪಕ್ಕದ ಮನೆಯವನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಲೋಟವನ್ನು ಬೆಂಚಿನ ನಡುವೆ ಇಟ್ಟ.

ಅತ್ತ ಅನುಭವಸ್ಥರ ಐದು ಕಟ್ಟೆಗಳಲ್ಲಿ ಹೊಡೆತ ನಡೆಯುತ್ತಿತ್ತು. ಅಲ್ಲಿ ಗುಂಡಿ ಒತ್ತುವವರಿಲ್ಲ. ಯಾರೂ ಏನನ್ನೂ ಮುಟ್ಟದಿರಲಿ ಎಂದು ಕಟ್ಟೆಗೊಂದು ಮೈಕು ಇಟ್ಟಿದ್ದರು. ಕೂಗಿದರೆ ಬಿಲ್ಲೆ ತಾನೇ ಹಾರುತ್ತಿತ್ತು. ನಾನು ಕಾಫಿ ಕುಡಿಯುತ್ತ ಮರಗಳ ಕಡೆ ನೋಡುತ್ತಿದ್ದೆ. ಮಾತಾಡದವನಿಗೆ ನೋಡುವುದೊಂದೇ ಕೆಲಸ. ಮರಗಳ ಸಂದಿಯಿಂದ, ಬಂದೂಕುಗಳ ಎದುರಿಗೇ, ಹಳದಿ ಜಾಕೆಟ್ಟಿನ ಇಬ್ಬರು ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದರು. ಪುರಸಭೆಯವರು. ಜನ ಒಂದೂವರೆ ಮೀಟರ್ ದೂರ ನಿಂತಿದ್ದಾರೆಯೇ ಎಂದು ನೋಡಲು ಹೊರಟವರು, ದಾರಿ ತಪ್ಪಿ ಹಿಂದಿನಿಂದ ಬಂದಿದ್ದರು. ಐದು ಜನ ಬಂದೂಕು ಎತ್ತಿದ್ದರು. ಅವರಿಗೆ ಆಕಾಶ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

“ಏಯ್, ನಿಲ್ಸ್ರೋ.”

ಕೂಗಿದವನು ನಾನೇ. ಬರೆದಾಗ ಸಣ್ಣದಾಗಿ ಕಾಣುತ್ತದೆ. ಅದು ಕಬ್ಬು ಅರೆಯುವ ಗಾಣದ ಪಟ್ಟಿಗೆ ಯಾರದೋ ಕೈ ಹೋಗುತ್ತಿದ್ದಾಗ ಹಾಕುವ ಕೂಗು. ಗಾಣದ ಸದ್ದನ್ನು ಮೀರಿ ಮಹಡಿಯ ಮೇಲಿನ ಸ್ವಿಚ್ಚಿನವನಿಗೆ ಕೇಳಬೇಕು.

ಕೇಳಿತು. ಐದೂ ಜನ, ಕನ್ನಡದ ಒಂದಕ್ಷರ ಗೊತ್ತಿಲ್ಲದವರು, ಬಂದೂಕು ಮಡಚಿ ಕೆಳಗಿಟ್ಟರು. ಒಬ್ಬ ಕೈಯನ್ನೂ ಮೇಲೆತ್ತಿದ. ಐದೂ ಮೈಕಿಗೆ ಕೇಳಿ ಐದೂ ಬಿಲ್ಲೆ ಒಟ್ಟಿಗೆ ಹಾರಿದವು. ಪುರಸಭೆಯವರು ಸೈಕಲ್ಲು ಬಿಟ್ಟು ನೆಲಕ್ಕೆ ಮಲಗಿದರು. ಬಿಲ್ಲೆಗಳು ಅವರ ಮೇಲಿಂದ ಹಾದು ಕಾಡಿನೊಳಗೆ ಹೋದವು.

ಒಬ್ಬ ಎದ್ದು, ಜಾಕೆಟ್ಟಿಗೆ ಅಂಟಿದ್ದ ಎಲೆ ಕೊಡವಿಕೊಂಡು ಬೆಂಚಿನ ಹತ್ತಿರ ಬಂದ. ಸರಿಯಾಗಿ ಒಂದೂವರೆ ಮೀಟರ್ ದೂರದಲ್ಲಿ ನಿಂತ.

“ಇವರು ಏನಂದರು?” ಎಂದು ಪಕ್ಕದ ಮನೆಯವನನ್ನು ಕೇಳಿದ.

“ನನಗೇನು ಗೊತ್ತು,” ಎಂದ ಅವನು. “ಎಂಟು ತಿಂಗಳಿಂದ ನನ್ನ ಪಕ್ಕದಲ್ಲಿದ್ದಾರೆ. ಮಾತಾಡಿದ್ದು ಇವತ್ತು.”

ಕಲಿಸುವವನು ಹಲಗೆ ಹಿಡಿದುಕೊಂಡು ಬಂದ. ಸ್ವಲ್ಪ ಹೊತ್ತು ಕಾಗದ ನೋಡಿದ. ಮೊದಲು ಬರೆದದ್ದನ್ನು ಹೊಡೆದುಹಾಕಿದ.

“ನಾಲ್ಕೇ ಒಡೆದಿರಿ,” ಎಂದ.

“ಹೂಂ.”

“ಹೊಡೆಯುವುದನ್ನು ಬುಧವಾರಗಳಲ್ಲಿ ಕಲಿಸಬಹುದು. ಇದನ್ನು ಕಲಿಸಲು ನನ್ನಿಂದ ಆಗುವುದಿಲ್ಲ,” ಎಂದು ಸಹಿ ಹಾಕಿ ಕೊಟ್ಟ.

ಮನೆಗೆ ಬಂದೆ. ಮೂವರಿಗೂ ಮೀಟಿಂಗು. ಹೆಂಡತಿ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಕಾಗದವನ್ನು ಮೇಜಿನ ಮೇಲಿಟ್ಟೆ.

“ಪಾಸಾ?” ಎಂದು ಪಿಸುಗುಟ್ಟಿದಳು.

“ಹೂಂ.”

“ಐದು ಬಿತ್ತಾ?”

“ನಾಲ್ಕು.”

“ಮತ್ತೆ ಹೇಗೆ ಪಾಸು?”

“ಕೂಗಿದೆ.”

“ನೀವಾ? ಯಾರ ಮೇಲೆ?”

“ಪುರಸಭೆಯವರ ಮೇಲೆ.”

ಅವಳು ಸೊಪ್ಪು ಕೆಳಗಿಟ್ಟಳು.

“ಊರಲ್ಲಿ ನಲ್ಲಿ ನೀರು ಬರ್ತಿಲ್ಲ ಅಂತ ಇಪ್ಪತ್ತು ವರ್ಷ ಪುರಸಭೆಗೆ ಹೋಗಿ ಗಂಟಲು ಹರ್ಕೊಂಡವಳು ನಾನು,” ಎಂದಳು. “ನೀವು ಹೊರಗೆ ಸ್ಕೂಟರ್ ಹಿಡ್ಕೊಂಡು ನಿಂತಿರ್ತಿದ್ರಿ.”