ಹೊಂಗೆಯ ಉಪವಾಸ

ಎದುರಾಳಿಯಿಲ್ಲದ ವಾದ ತುರಿಕೆಯಂಥದ್ದು, ಕೆರೆದಷ್ಟೂ ಹೆಚ್ಚು. ಚರ್ಚಾಸ್ಪರ್ಧೆಗಳಲ್ಲಿ ಟ್ರೋಫಿ ಗೆದ್ದ ನನಗೆ ಇದು ಗೊತ್ತಾದದ್ದು ಪಾಂಡವಪುರದಲ್ಲಿ ಆರೋಗ್ಯಮ್ಮ ಎಂಬ ಕ್ರೈಸ್ತ ಅಜ್ಜಿಯ ಮನೆಯ ಕೋಣೆಗೆ ಬಾಡಿಗೆಗೆ ಬಂದ ಮೇಲೆ. ಅಂಗಳದ ಹೊಂಗೆಯ ಒಂದು ಕೊಂಬೆ, ಗಾಳಿ ಬೀಸಿದಾಗಲೆಲ್ಲ ನನ್ನ ಟಿವಿಯ ಆಂಟೆನಾವನ್ನು ಕೆ.ಆರ್. ಪೇಟೆಯ ಕಡೆಗೆ ತಿರುಗಿಸಿಬಿಡುತ್ತಿತ್ತು. ಬ್ಯಾಟ್ಸ್‌ಮನ್ ಔಟಾದನೋ ಇಲ್ಲವೋ ಮರುದಿನದ ಪೇಪರಿನಲ್ಲೇ ನೋಡಬೇಕು. ಕೊಂಬೆ ಕಡಿಸಿ ಎಂದೆ. ಬೇಸಿಗೆಯ ಮಧ್ಯಾಹ್ನಗಳನ್ನೆಲ್ಲ ಅದರ ನೆರಳಲ್ಲೇ ಕಳೆಯುವ ಅಜ್ಜಿ ಒಪ್ಪಲಿಲ್ಲ. ಆಗ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಉಪವಾಸದ ತಪಸ್ಸುಕಾಲ.

"ಎಲೆಯೆಲ್ಲಾ ಉದುರ್ಸ್ಕಂಡು ನಮ್ ಜೊತೇಲಿ ಅದೂ ಉಪಾಸ ಕೂತದೆ ಕಣಪ್ಪ. ಉಪಾಸ ಇರೋರ್ ಮ್ಯಾಲೆ ಕೊಡ್ಲಿ ಎತ್ತಾರಾ? ಯೇಸುಸ್ವಾಮಿ ಎದ್ದ ದಿನ ಅದೂ ಚಿಗುರ್ತದೆ, ನೋಡೀವಂತೆ."

ಹೊಂಗೆ ಎಲ್ಲರ ಹಿತ್ತಲಲ್ಲೂ ಎಲೆ ಉದುರಿಸುತ್ತದೆ, ಚಿಗುರುವುದು ಯುಗಾದಿಗೆ ಎಂದೆ.

"ಯುಗಾದಿಗೂ ಬರ್ಲಿ ಬುಡು. ನಿಮ್ಮನೆ ಹಬ್ಬಕ್ಕೆ ಬಂದೋರು ನಮ್ಮನೆಗೂ ಬಂದ್ರೆ ತಪ್ಪಾ?"

ನನಗೆ ಕೆಣಕಿದಂತಾಯಿತು. ಈಸ್ಟರ್ ದಿನ ಒಂದಾದರೂ ಚಿಗುರು ಕಾಣದಿದ್ದರೆ ಕೊಂಬೆ ಕಡಿಸಬೇಕು ಎಂದು ಪಂಥ ಕಟ್ಟಿದೆ. ಆ ವರ್ಷ ಈಸ್ಟರ್ ಬೇಗ ಬಂದಿತ್ತು. ಹಬ್ಬ ಚಂದ್ರನ ಲೆಕ್ಕದ್ದು, ಮರ ಬಿಸಿಲಿನ ಲೆಕ್ಕದ್ದು, ಗೆಲುವು ನನ್ನದೇ. ಆಕೆ "ಆಯ್ತು ಕಣಪ್ಪ" ಎಂದು ಒಳಗೆ ಹೋದರು.

ಅಲ್ಲಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಲ್ಲುಜ್ಜುವಾಗ ಕೊಂಬೆ ನೋಡುವುದು, ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ನೋಡುವುದು. ಗರಿಗಳ ಭಾನುವಾರ ಆಕೆ ಚರ್ಚಿನಿಂದ ತಂದ ತೆಂಗಿನ ಗರಿಯ ಶಿಲುಬೆಯನ್ನು ಬೋಳು ಕೊಂಬೆಗೆ ಸಿಕ್ಕಿಸಿ, "ಇನ್ನೊಂದೇ ವಾರ, ತಡ್ಕೊಳಪ್ಪ" ಎಂದು ಮರಕ್ಕೆ ಸಮಾಧಾನ ಹೇಳಿದರು. ಸೋತರೆ ಅಜ್ಜಿಯ ಈ ಮುಖ ಹೇಗಾದೀತು ಎಂದುಕೊಂಡೆ. ಎದುರಾಳಿಯ ಮುಖ ನೋಡಬೇಕೆಂದು ಯಾವ ಸ್ಪರ್ಧೆಯಲ್ಲೂ ಯಾರೂ ಕಲಿಸಿರಲಿಲ್ಲ. ಮರುದಿನದಿಂದ, ಆಕೆ ಚರ್ಚಿಗೆ ಹೋದ ಹೊತ್ತು ನೋಡಿ, ಸ್ನಾನಕ್ಕೆಂದು ನನ್ನ ಪಾಲಿಗೆ ಬರುತ್ತಿದ್ದ ಒಂದೇ ಬಕೆಟ್ ನೀರಿನಲ್ಲಿ ಅರ್ಧವನ್ನು ಮರದ ಬುಡಕ್ಕೆ ಸುರಿಯತೊಡಗಿದೆ.

ಈಸ್ಟರ್ ಬೆಳಿಗ್ಗೆ ಕೊಂಬೆಯ ತುದಿಯಲ್ಲಿ, ಎಣ್ಣೆ ಸವರಿದಂತೆ ಮಿರುಗುವ ಒಂದು ಪುಟ್ಟ ಚಿಗುರು.

"ಏನಂತೀಯಪ್ಪ?"

ಬಾಯಿ ತೆರೆದೆ. ಪವಾಡವಲ್ಲ ಎಂದು ಸಾಧಿಸಬೇಕಾದರೆ, ನೀರು ಹಾಕಿದವನು ನಾನು ಎನ್ನಬೇಕು. ಹಾಗೆಂದರೆ, ಯಾಕೆ ಹಾಕಿದೆ ಎಂಬುದನ್ನೂ ಹೇಳಬೇಕು.

ಅಜ್ಜಿ ನನ್ನ ಕೈಗೆ ಕೇಕಿನ ತಟ್ಟೆ ಕೊಟ್ಟು, ಒದ್ದೆಯಾಗಿದ್ದ ಬುಡದ ಕಡೆ ಒಮ್ಮೆ ನೋಡಿದರು. "ನಾಳೆಯಿಂದ ಪೂರ್ತಿ ನೀರಲ್ಲಿ ಮೀಯಪ್ಪ. ನಿನ್ ಉಪಾಸನೂ ಮುಗೀತು."

ಇದಕ್ಕೆ ತಕ್ಕ ಉತ್ತರ ಇನ್ನೂ ಹುಡುಕುತ್ತಿದ್ದೇನೆ; ಭಾನುವಾರದ ಮಧ್ಯಾಹ್ನಗಳಲ್ಲಿ, ಅದೇ ಕೊಂಬೆಯ ನೆರಳಲ್ಲಿ ಕೂತು.