ಪದಚ್ಯುತಿಯ ಖರ್ಚುವೆಚ್ಚ

ಊರಿನಲ್ಲಿದ್ದಷ್ಟು ಕಾಲ ಮತಗಟ್ಟೆಯ ಕಡೆ ತಲೆ ಹಾಕಿಯೂ ಮಲಗದ ಮನುಷ್ಯ ನಾನು. ಚುನಾವಣೆಗೆಂದು ರಜೆ ಕೊಟ್ಟರೆ ಮಧ್ಯಾಹ್ನದವರೆಗೆ ನಿದ್ದೆ ಹೊಡೆಯುತ್ತಿದ್ದೆ. ಅಂಥವನಿಗೆ ಮಸ್ಕತ್ತಿಗೆ ಬಂದ ಮೇಲೆ ಪ್ರಜಾಪ್ರಭುತ್ವದ ಮೇಲೆ ಇದ್ದಕ್ಕಿದ್ದಂತೆ ಭಕ್ತಿ ಹುಟ್ಟಿತು. ಪರದೇಶದಲ್ಲಿ ನಮ್ಮ ಪಾಲಿಗಿರುವ ಪಾರ್ಲಿಮೆಂಟೆಂದರೆ ಕನ್ನಡ ಸಂಘ ಒಂದೇ. ಅದರ ನಿಯಮಾವಳಿಯನ್ನು ಓದಿದಷ್ಟು ಶ್ರದ್ಧೆಯಿಂದ ನಾನು ಬಿ.ಕಾಂ. ಪರೀಕ್ಷೆಗೂ ಓದಿರಲಿಲ್ಲ.

ಆಗ ಸಂಘದ ಅಧ್ಯಕ್ಷರಾಗಿದ್ದವರು ಉಡುಪಿ ಕಡೆಯ ಶೇಖರಣ್ಣ, ಅಲ್ ಹೈಲ್‌ನಲ್ಲಿ ನಮ್ಮ ಪಕ್ಕದ ಮನೆಯವರು. ಆ ವರ್ಷ ರಾಜ್ಯೋತ್ಸವಕ್ಕೆ ಅವರು ನಾಟಕ ತೆಗೆದು ಕ್ವಿಜ್ ಇಟ್ಟರು. ನಾಟಕದಲ್ಲಿ ಪ್ರತಿವರ್ಷ ಮಹಾರಾಜನ ಪಾತ್ರ ನನ್ನದು. ವರ್ಷವಿಡೀ ಆಫೀಸಿನಲ್ಲಿ ‘ಯೆಸ್ ಸರ್’ ಎನ್ನುವವನಿಗೆ ಒಂದು ಸಂಜೆ ಸಿಗುವ ಸಿಂಹಾಸನವನ್ನೂ ಕಿತ್ತುಕೊಂಡರೆ ಹೊಟ್ಟೆ ಉರಿಯುವುದಿಲ್ಲವೆ? ಅಧ್ಯಕ್ಷರನ್ನು ಅವಧಿಯ ನಡುವೆ ಇಳಿಸಲು ನಿಯಮದಲ್ಲಿ ದಾರಿಯಿತ್ತು. ಸದಸ್ಯರ ಸಹಿ ಸಂಗ್ರಹಿಸಿ, ಸಭೆ ಕರೆದು, ಮತಕ್ಕೆ ಹಾಕಬೇಕು. ಜೊತೆಗೊಂದು ಷರತ್ತು: ಇಳಿಸುವವರೂ ಉಳಿಸುವವರೂ ತಂತಮ್ಮ ಪ್ರಚಾರಕ್ಕೆ ಯಾರು ಏನು ಕೊಟ್ಟರೆಂದು, ದುಡ್ಡಾಗಲಿ ಬೇರೆ ಸಹಾಯವಾಗಲಿ, ಮತಕ್ಕೆ ಮುಂಚೆ ಸಭೆಯಲ್ಲಿ ಬಹಿರಂಗವಾಗಿ ಹೇಳಬೇಕು. ಈ ಷರತ್ತು ನನಗೆ ಬಹಳ ಹಿಡಿಸಿತು. ಶೇಖರಣ್ಣನ ಬೆನ್ನಿಗೆ ಯಾವುದೋ ಹೋಟೆಲ್ ಧಣಿ ನಿಂತಿದ್ದಾನೆಂದು ನನಗೆ ಗುಮಾನಿಯಿತ್ತು.

ತೊಡಕೊಂದೇ, ನನ್ನ ಬಳಿ ಕಾರಿರಲಿಲ್ಲ. ಇಲ್ಲಿಯ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾಗುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಅಲ್ ಖುವೈರ್‌ನ ಆಫೀಸಿಗೆ ದಿನವೂ ಹೋಗುತ್ತಿದ್ದುದು ಶೇಖರಣ್ಣನ ಕಾರಿನಲ್ಲೇ. ಸ್ನೇಹಿತರ ಮನೆಗೆ ಹೋಗಬೇಕಿತ್ತು ಎಂದು ಗೊಣಗಿದರೆ ಸಾಕು, ಇಲ್ಲಿ ವಾರದ ರಜೆಯಾದ ಶುಕ್ರವಾರಗಳಲ್ಲೂ ಅವರೇ ಹೊರಡುತ್ತಿದ್ದರು. ನಾನು ಒಳಗೆ ಅವರ ಸರ್ವಾಧಿಕಾರವನ್ನು ಖಂಡಿಸಿ, ಸಹಿ ಹಾಕಿಸಿಕೊಂಡು, ಕೊಟ್ಟ ಕೋಡುಬಳೆ ತಿಂದು ಬರುವವರೆಗೆ ಆ ಸರ್ವಾಧಿಕಾರಿ ಹೊರಗೆ ಕಾರಿನಲ್ಲಿ ಕಾಯುತ್ತಿದ್ದರು. ಕೊನೆಯ ಶುಕ್ರವಾರ ಅಲ್ ಖೌದ್‌ನಿಂದ ಮರಳುವಾಗ, ರಸ್ತೆಯಿಂದ ಕಣ್ಣು ತೆಗೆಯದೆಯೇ ಕೇಳಿದರು: “ಸಹಿ ಎಲ್ಲ ಆಯ್ತಾ ಮಾರಾಯ್ರೇ? ಬಾಕಿ ಉಂಟಾದ್ರೆ ಹೇಳಿ, ಹೋಗಿ ಬರುವ. ನನಗೂ ಈ ಕುರ್ಚಿ ಸಾಕಾಗಿದೆ. ರಾಜೀನಾಮೆ ಕೊಟ್ರೆ ಯಾರೂ ತಕ್ಕೊಳ್ಳುದಿಲ್ಲ.” ನಾನು ಸೀಟ್ ಬೆಲ್ಟ್ ಸರಿಮಾಡಿಕೊಂಡೆ.

ಸಭೆಯಲ್ಲಿ ಮೊದಲು ಎದ್ದವನು ನಾನೇ. ಪ್ರಾಮಾಣಿಕತೆಯ ಹುರುಪಿನಲ್ಲಿ ಒಂದನ್ನೂ ಮುಚ್ಚಿಡಲಿಲ್ಲ. ಕಾಗದದ ಖರ್ಚು ನನ್ನದು. ಕಾರು, ಪೆಟ್ರೋಲು, ಚಾಲನೆ ಎಲ್ಲ ಶೇಖರಣ್ಣನದು ಎಂದೆ. ಸಭೆ ಗೊಳ್ಳೆಂದು ನಕ್ಕಿತು, ಆಮೇಲೆ ಮೆತ್ತಗಾಯಿತು. ತನ್ನನ್ನು ಇಳಿಸುವವನನ್ನೇ ಹತ್ತಿಸಿಕೊಂಡು ಊರೆಲ್ಲ ತಿರುಗಿಸಿದ ಇಂಥ ಮನುಷ್ಯರು ಇನ್ನೆಲ್ಲಿ ಸಿಗುತ್ತಾರೆ ಎಂದು, ನನಗೆ ಸಹಿ ಹಾಕಿಕೊಟ್ಟವರೇ ಮಾತಾಡತೊಡಗಿದರು.

ಬಳಿಕ ಉಳಿಸುವ ಬಣದವರ ಸರದಿ. ಹೋಟೆಲ್ ಧಣಿಯ ಹೆಸರಿಗಾಗಿ ಕಿವಿ ನಿಮಿರಿಸಿ ಕೂತೆ. ಧಣಿಯೂ ಇಲ್ಲ, ಗಿಣಿಯೂ ಇಲ್ಲ. ತಮ್ಮ ಪ್ರಚಾರದ ಕೂಟಗಳಿಗೆಲ್ಲ ಬಿಸಿಬೇಳೆಬಾತ್ ಮಾಡಿಕೊಟ್ಟವರು ಶ್ರೀಮತಿ ಸುಮಾ ಎಂದರು. ಸುಮಾ ನನ್ನ ಹೆಂಡತಿ. ಶುಕ್ರವಾರಗಳಂದು ಸಹಿ ಸಂಗ್ರಹಿಸಿ ದಣಿದು ಬಂದು ನಾನು ಚಪ್ಪರಿಸಿ ತಿನ್ನುತ್ತಿದ್ದುದು ಎದುರು ಪಕ್ಷದ ಉಳಿಕೆ.

ಪಕ್ಕದಲ್ಲೇ ಕೂತಿದ್ದ ಅವಳ ಕಡೆ ತಿರುಗಿದೆ.

“ನಾಟಕ ಅಂದ್ರೆ ಎರಡು ತಿಂಗಳು ಮನೇಲೂ ನಿಮ್ಮ ದರ್ಬಾರೇ. ಕಾಫಿ ಕೇಳೋದೂ ಅಪ್ಪಣೆ ಕೊಟ್ಟ ಹಾಗೆ. ಈ ವರ್ಷ ಆರಾಮಾಗಿದೀನಿ ಕಣ್ರೀ, ಹಾಗೇ ಇರೋಕೆ ಬಿಡಿ,” ಎಂದಳು ಮೆಲ್ಲಗೆ.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಾಲೀಮಿಲ್ಲದ ಆ ಸಂಜೆಗಳಲ್ಲಿ ನಾವಿಬ್ಬರೂ ಸಮುದ್ರದ ದಂಡೆಗೆ ನಡೆದು ಹೋಗಿ ಬರುತ್ತಿದ್ದೆವು. ಅದು ನನಗೂ ಹಿತವಾಗಿತ್ತೆಂಬುದು ಆಗಲೇ ಹೊಳೆದದ್ದು.

ಅಧ್ಯಕ್ಷರು ಉಳಿಯಲಿ ಎನ್ನುವವರು ಕೈ ಎತ್ತಿ ಎಂದಾಗ ಸಭಾಂಗಣದ ತುಂಬ ಕೈಗಳು ಮೇಲೆದ್ದವು. ಅವುಗಳ ನಡುವೆ ನನ್ನದೂ ಇತ್ತು. ಇಳಿಯಲಿ ಎನ್ನುವವರು ಎಂದಾಗ ಎದ್ದದ್ದು ಒಂದೇ ಕೈ. ಅದು ಶೇಖರಣ್ಣನದು. ನನ್ನನ್ನೇ ನೋಡುತ್ತ, ಅವರು ಅದನ್ನು ಬಹಳ ಹೊತ್ತು ಕೆಳಗಿಳಿಸಲೇ ಇಲ್ಲ.